ಕಾಯಿ ನಿಲ್ಲಿಸುವ ಬಾಟಲಿ, ಎಲೆ ಪರೀಕ್ಷೆಯ ಚೀಟಿ: ಮೂರು ಬೇಸಿಗೆ ಎಣಿಸಿದ ಮೇಲೆ

ಮೊದಲು ಅಂಕ ಕೊಟ್ಟುಬಿಡುತ್ತೇನೆ; ಓದುವ ತಾಳ್ಮೆ ಇಲ್ಲದವರು ಇಲ್ಲಿಂದಲೇ ತೋಟಕ್ಕೆ ಹೊರಡಬಹುದು. ಕಿತ್ತಳೆಯ ಕಾಯಿ ಉದುರದಂತೆ ನಿಲ್ಲಿಸುತ್ತದೆಂದು ಮಾರುವ ಹಸಿರು ಬಾಟಲಿಗೆ ಐದರಲ್ಲಿ ಒಂದು. ಎಲೆ ಪರೀಕ್ಷೆ ಎಂಬ ವಿದ್ಯೆಗೆ ನಾಲ್ಕು, ಅದನ್ನು ನನಗೆ ಮಾಡಿಕೊಟ್ಟವರಿಗೆ ಎರಡೂವರೆ. ಎಲೆಗೆ ಸಿಂಪಡಿಸುವ ಸಿಟ್ರಸ್ ಪುಡಿಗೆ ಮೂರೂವರೆ. ಬಾಟಲಿಗೆ ಆ ಒಂದು ಅಂಕವಾದರೂ ಏಕೆಂದರೆ ಅದರ ಮುಚ್ಚಳ ಚೆನ್ನಾಗಿದೆ. ಮಿಲಿಲೀಟರಿನ ಗೆರೆ ಕೊರೆದ ಆ ಮುಚ್ಚಳ ಈಗಲೂ ನಮ್ಮ ಔಷಧಿ ಕೋಣೆಯಲ್ಲಿ ಕೆಲಸಕ್ಕೆ ಬರುತ್ತಿದೆ.

ನಾನು 31 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತು ಬೇರೆಯವರ ಹಣ ಎಣಿಸಿದವನು. ನಿವೃತ್ತಿಯಾದ ಮೇಲೆ ಮೂಡಿಗೆರೆ ತಾಲ್ಲೂಕು ಗೋಣಿಬೀಡು ಹೋಬಳಿಯಲ್ಲಿರುವ ಆರೂವರೆ ಎಕರೆ ಕಾಫಿ ತೋಟಕ್ಕೆ ಬಂದು ಕುಳಿತೆ. ರೋಬಸ್ಟಾ, ಸ್ವಲ್ಪ ಅರೇಬಿಕಾ, ನೆರಳಿನ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸು, ನಡುನಡುವೆ ಅಪ್ಪ ನೆಟ್ಟ 38 ಕಿತ್ತಳೆ. ಕೊಡಗಿನ ಕಿತ್ತಳೆ ಎಂದು ಭೌಗೋಳಿಕ ಗುರುತು ಪಡೆದಿರುವ ತಳಿಯೇ ಇದು. ನಮ್ಮ ಕಡೆಯ ತೋಟಗಳಲ್ಲೂ ಹಿಂದಿನಿಂದ ಇದೆ. ಅಪ್ಪನ ಕಾಲದಲ್ಲಿ ಕಿತ್ತಳೆಯ ದುಡ್ಡಿನಲ್ಲಿ ವರ್ಷದ ಕೂಲಿ ಹುಟ್ಟುತ್ತಿತ್ತಂತೆ. ನನ್ನ ಕಾಲಕ್ಕೆ ನೆಂಟರ ಮನೆಗೆ ಚೀಲ ತುಂಬಿಸುವಷ್ಟಕ್ಕೆ ಇಳಿದಿತ್ತು. ಮರಗಳು ಹೂ ಬಿಡುವುದರಲ್ಲಿ ಕಡಿಮೆ ಮಾಡುತ್ತಿರಲಿಲ್ಲ. ಹೂಮಳೆ, ಅಂದರೆ ಹೂ ಬಿಡಿಸುವ ಬೇಸಿಗೆಯ ಮೊದಲ ಮಳೆ, ಬಿದ್ದ ಮೂರನೆಯ ವಾರಕ್ಕೆ ತೋಟವೆಲ್ಲ ಘಮ್ಮೆನ್ನುತ್ತಿತ್ತು. ಆಮೇಲೆ ಏಪ್ರಿಲ್ ಬರುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮರದ ಕೆಳಗೆ ಹಸಿರು ಮಣಿಸರ ಹರಿದು ಚೆಲ್ಲಿದ ಹಾಗೆ ಹೀಚುಗಾಯಿ.

2023ರ ಮೇ ತಿಂಗಳ ಮೊದಲ ವಾರ, ಚೆಲ್ಲಿದ್ದು ನೋಡಲಾರದೆ, ಪಟ್ಟಣದ ಒಂದು ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಮಾತು ಮುಗಿಯುವ ಮೊದಲೇ ಹಿಂದಿನ ಕಪಾಟಿನಿಂದ ಹಸಿರು ಬಾಟಲಿ ತೆಗೆದು ಗಲ್ಲದ ಮೇಲಿಟ್ಟರು. ಅರ್ಧ ಲೀಟರಿಗೆ 680 ರೂಪಾಯಿ. ಚೀಟಿಯ ಮೇಲೆ ಕಿತ್ತಳೆಯಿಂದ ಬಾಗಿದ ಕೊಂಬೆಯ ಚಿತ್ರ, ಅದರ ಕೆಳಗೆ ಸಮುದ್ರಕಳೆ, ಅಮೈನೋ ಆಮ್ಲ, ಹ್ಯೂಮಿಕ್, ‘ಜೈವಿಕ ಶಕ್ತಿ’ ಎಂದೆಲ್ಲ ಬರೆದಿತ್ತು. ಯಾವುದು ಶೇಕಡಾ ಎಷ್ಟು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಮೊತ್ತ ಬರೆಯದ ಚೆಕ್ಕನ್ನು ಯಾರಾದರೂ ಕೌಂಟರಿನಲ್ಲಿ ಕೊಟ್ಟಿದ್ದರೆ ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬಾಟಲಿಯನ್ನು ಮಾತ್ರ ತೆಗೆದುಕೊಂಡು ಬಂದೆ.

ಆದರೆ ಅಭ್ಯಾಸಬಲ ಎಂಬುದೊಂದಿದೆ. 38ರಲ್ಲಿ 12 ಮರಗಳಿಗೆ ಹೊಡೆದು, ಅವುಗಳಂತೆಯೇ ಕಾಣುವ ಬೇರೆ 12ನ್ನು ಹಾಗೆಯೇ ಬಿಟ್ಟೆ. ಪ್ರತಿ ಮರದ ನಾಲ್ಕು ಕೊಂಬೆಗೆ ನೂಲು ಕಟ್ಟಿ, ಬಟಾಣಿ ಗಾತ್ರದ ಹೀಚುಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊಡೆದ ಮರಗಳಿಗೆ ಕೆಂಪು ನೂಲು, ಬಿಟ್ಟವುಗಳಿಗೆ ಬಿಳಿ. ಒಂದೊಂದು ಮರದ ಕೆಳಗೆ ಹಳೆಯ ಸೊಳ್ಳೆಪರದೆ ಹಾಸಿ ಉದುರಿದ್ದನ್ನೂ ಎಣಿಸುತ್ತಿದ್ದೆ. “ನಿವೃತ್ತಿಯಾದರೂ ಸಂಜೆ ಲೆಕ್ಕ ತಾಳೆಯಾಗದೆ ಊಟಕ್ಕೆ ಬರುವುದಿಲ್ಲ” ಎಂದು ಹೆಂಡತಿ ಬಂದವರೆದುರೆಲ್ಲ ಹೇಳಿದಳು.

ಮೂರು ವಾರ ಕಳೆಯುವಷ್ಟರಲ್ಲಿ ಬಾಟಲಿ ಕೊಟ್ಟ ಮಾತು ಉಳಿಸಿಕೊಂಡಿತ್ತು. ಸೊಳ್ಳೆಪರದೆಯ ಮೇಲೆ ಬೀಳುವುದು ಬೆರಳೆಣಿಕೆಗೆ ಇಳಿಯಿತು. ಅಂಗಡಿಗೆ ಹೋಗಿ ಇನ್ನೊಂದು ಬಾಟಲಿ ತರುವವನಿದ್ದೆ. ಅಷ್ಟರಲ್ಲಿ ಬಿಳಿ ನೂಲಿನ ಮರಗಳನ್ನೂ ಎಣಿಸಿದೆ. ಅಲ್ಲಿಯೂ ಉದುರುವುದು ನಿಂತಿತ್ತು. ಕೆಂಪು ನೂಲಿನಲ್ಲಿ ನೂರಕ್ಕೆ 21 ಕಾಯಿ ಉಳಿದಿದ್ದರೆ, ಬಿಳಿ ನೂಲಿನಲ್ಲಿ 22.

ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡಿದ್ದ ಮುದುಕಿಯ ಕತೆ ನಮಗೆಲ್ಲ ಗೊತ್ತಿರುವುದೇ. 680 ರೂಪಾಯಿಗೆ ಆ ಹುಂಜವನ್ನು ಕೊಂಡುಕೊಂಡಿದ್ದೆ.

ಸಂಗತಿ ಹೀಗಿದೆ. ಚೆನ್ನಾಗಿ ಬೆಳೆದ ಕಿತ್ತಳೆ ಜಾತಿಯ ಒಂದು ಮರ ಒಂದು ಋತುವಿನಲ್ಲಿ ಲಕ್ಷಕ್ಕೂ ಮಿಕ್ಕಿ ಹೂ ಬಿಡುವುದುಂಟು. ಕೊಯ್ಲಿನವರೆಗೆ ಉಳಿಯುವುದು ನೂರಕ್ಕೆ ಒಂದೋ ಎರಡೋ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಉದುರುವುದು ಎರಡು ಅಲೆಯಲ್ಲಿ. ಹೂ ಬಿದ್ದ ಮೂರು ನಾಲ್ಕು ವಾರ ಮೊದಲನೆಯದು. ಆಗ ಬೀಳುವ ಹೀಚಿಗೆ ತೊಟ್ಟು ಅಂಟಿಕೊಂಡೇ ಇರುತ್ತದೆ, ಏಕೆಂದರೆ ಅದು ಕಳಚುವುದು ತೊಟ್ಟು ಕೊಂಬೆಗೆ ಸೇರುವಲ್ಲಿ. ಎರಡನೆಯ ಅಲೆ ಕಾಯಿ ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರಿನವರೆಗೆ ಬೆಳೆಯುವಾಗ. ಆಗ ಕಾಯಿ ಮಾತ್ರ ಬೀಳುತ್ತದೆ, ನಕ್ಷತ್ರದಂತಹ ಪುಷ್ಪಪಾತ್ರೆ ಮರದಲ್ಲೇ ಉಳಿಯುತ್ತದೆ. ಅಮೆರಿಕದಲ್ಲಿ, ಸ್ಪೇನಿನಲ್ಲಿ ಇದನ್ನು ಜೂನ್ ಉದುರು ಎನ್ನುತ್ತಾರೆ. ನಮ್ಮಲ್ಲಿ ಹೂವು ಹೂಮಳೆಯನ್ನು ನಂಬಿರುವುದರಿಂದ ಅದು ಏಪ್ರಿಲ್ ಮೇ ತಿಂಗಳಿಗೇ ಬಂದುಬಿಡುತ್ತದೆ. ಮರ ತನಗೆ ಸಾಕಲು ಆಗದ್ದನ್ನೆಲ್ಲ ಬಿಟ್ಟುಕೊಟ್ಟ ಮೇಲೆ ತಾನಾಗಿ ನಿಲ್ಲಿಸುತ್ತದೆ. ರೈತ ಕಂಗಾಲಾಗಿ ಅಂಗಡಿಗೆ ಓಡುವುದು ಉದುರು ತಾರಕಕ್ಕೇರಿದಾಗ. ಅಲ್ಲಿಂದ ಮುಂದೆ ಅದು ಹೇಗೂ ಇಳಿಯಲೇಬೇಕು. ಆ ವಾರದಲ್ಲಿ ಮಜ್ಜಿಗೆ ಹೊಡೆದರೂ ಮಜ್ಜಿಗೆಗೇ ಹೆಸರು ಬರುತ್ತದೆ.

ನನ್ನ ಅಳತೆಗೋಲು ನಾಣ್ಯಗಳು. 2011ರ ಸರಣಿಯ ಎಂಟಾಣೆ 19 ಮಿಲಿಮೀಟರ್, ಒಂದು ರೂಪಾಯಿ 22, ಎರಡು ರೂಪಾಯಿ 25, ಹತ್ತು ರೂಪಾಯಿ 27. ಇವು ನನಗೆ ಕೈಬೆರಳಿಗೇ ಗೊತ್ತು. ಚಲಾವಣೆಯಲ್ಲಿ ಯಾರೂ ಮುಟ್ಟದ ಎಂಟಾಣೆಗೆ ಈಗ ಒಂದು ಉದ್ಯೋಗ ಸಿಕ್ಕಿದೆ: ಎಂಟಾಣೆ ದಾಟಿದ ಕಾಯಿ ಸಾಮಾನ್ಯವಾಗಿ ನಿಲ್ಲುತ್ತದೆ. ಅದಾದ ಮೇಲೂ ಬಿದ್ದರೆ ಬೇರೆ ಕಾರಣ ಹುಡುಕಬೇಕು: ಹಣ್ಣಿನ ನೊಣ, ರಸ ಹೀರುವ ಪತಂಗ, ಮಳೆಗಾಲದ ಕೊಳೆ. ಅದು ಇನ್ನೊಂದು ಅಧ್ಯಾಯ, ಇಲ್ಲಿ ತೆರೆಯುವುದಿಲ್ಲ.

ಮರ ಯಾವುದನ್ನು ಉಳಿಸುತ್ತದೆ, ಯಾವುದನ್ನು ಬಿಡುತ್ತದೆ? ಇದೇ ನನ್ನನ್ನು ಹಿಡಿದ ಪ್ರಶ್ನೆ. ಮೊದಲ ಆರೆಂಟು ವಾರ ಹೀಚಿನೊಳಗೆ ಜೀವಕೋಶಗಳು ಒಡೆದೊಡೆದು ಎರಡಾಗುತ್ತಿರುತ್ತವೆ. ಈ ಕಾಲದ ಕಾಯಿಯನ್ನು ಬ್ಲೇಡಿನಿಂದ ಸೀಳಿ ನೋಡಿದರೆ ತೊಳೆ ಎಂಬುದು ಕಾಣುವುದೇ ಕಷ್ಟ, ಹೆಚ್ಚಿನ ಪಾಲು ಸಿಪ್ಪೆ. ಆಗ ಹುಟ್ಟಿದ ಕೋಶಗಳೇ ಆಮೇಲೆ ರಸ ತುಂಬಿಕೊಂಡು ಹಿಗ್ಗುತ್ತವೆ. ಹಾಗಾಗಿ ಡಿಸೆಂಬರಿನ ಹಣ್ಣು ಎಷ್ಟು ದೊಡ್ಡದಾಗಬಹುದೆಂಬುದರ ಬಹುಪಾಲು ಮೇ ತಿಂಗಳೊಳಗೇ ತೀರ್ಮಾನವಾಗಿರುತ್ತದೆ. ಈ ಒಡೆಯುವಿಕೆಗೆ ಬೇಕಾಗುವುದು ಸಕ್ಕರೆ, ಎಲೆ ಬಿಸಿಲಿನಲ್ಲಿ ಮಾಡುವ ಸಕ್ಕರೆ. ಸಾವಿರಾರು ಹೀಚು, ಅದೇ ಹೊತ್ತಿಗೆ ಹೊರಟ ಹೊಸ ಚಿಗುರು, ಬೇರು, ಎಲ್ಲವೂ ಒಂದೇ ಉಗ್ರಾಣದಿಂದ ಎಳೆಯುತ್ತವೆ. ಪಾಲು ಸಾಲದ ಹೀಚಿನ ಬೆಳವಣಿಗೆ ನಿಧಾನವಾಗುತ್ತದೆ, ಅದರಲ್ಲಿ ಎಥಿಲೀನ್ ಎಂಬ ಅನಿಲ ಹೆಚ್ಚುತ್ತದೆ, ಕಳಚುವ ಜಾಗದ ಪದರ ಸಡಿಲವಾಗುತ್ತದೆ, ಅಷ್ಟೇ. ಎಲೆಗಳ ಜೊತೆ ಬಂದ ಹೂವಿನ ಕಾಯಿ, ಬೋಳು ಕೊಂಬೆಯ ಹೂವಿನ ಕಾಯಿಗಿಂತ ಹೆಚ್ಚು ನಿಲ್ಲುವುದು ಇದಕ್ಕೇ. ನೂಲು ಕಟ್ಟಿದ ಕೊಂಬೆಗಳಲ್ಲಿ ಇದನ್ನು ನಾನೇ ನೋಡಿದ್ದೇನೆ. ಎಲೆ ಪಕ್ಕದಲ್ಲಿರುವ ಕಾಯಿ ಅಡುಗೆಮನೆಯ ಬಾಗಿಲಲ್ಲೇ ಕುಳಿತ ಮಗು.

ಸತು, ಬೋರಾನ್, ಮೆಗ್ನೀಷಿಯಂ ಮುಂತಾದವು ಊಟವಲ್ಲ, ಅಡುಗೆಯ ಪಾತ್ರೆ ಪಡಗ. ಒಂದು ಸೌಟು ಇಲ್ಲದಿದ್ದರೂ ಬಡಿಸುವುದು ನಿಲ್ಲುತ್ತದೆ; ಆದರೆ ಮನೆಯಲ್ಲಿ ಯಾವ ಪಾತ್ರೆ ಇಲ್ಲ ಎಂದು ತಿಳಿಯದೆ ಸಂತೆಗೆ ಹೋದರೆ ಇರುವುದನ್ನೇ ಮತ್ತೆ ತರುತ್ತೇವೆ. ಇದನ್ನು ತಿಳಿಸುವುದು ಎಲೆ ಪರೀಕ್ಷೆ. ಹಾಸನದ ಒಂದು ಖಾಸಗಿ ಪ್ರಯೋಗಾಲಯಕ್ಕೆ ಹೋದೆ. ಮಾದರಿಯೊಂದಕ್ಕೆ 900 ರೂಪಾಯಿ.

ವಿದ್ಯೆಗೆ ನಾಲ್ಕು, ಮಾಡಿಕೊಟ್ಟವರಿಗೆ ಎರಡೂವರೆ ಎಂದೆನಲ್ಲ, ಕಾರಣ ಕೇಳಿ. 2023ರ ಆಗಸ್ಟಿನಲ್ಲಿ ಮೊದಲ ಸಲ ಎಲೆ ಕೊಟ್ಟೆ. ಯಾವ ಎಲೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೈಗೆ ಸಿಕ್ಕಿದ್ದನ್ನು ಕಿತ್ತು ಪ್ಲಾಸ್ಟಿಕ್ ಕವರಿಗೆ ತುಂಬಿ ಬೇಲೂರು ದಾರಿಯ ಬಸ್ ಹತ್ತಿದೆ. ದಾರಿಯುದ್ದಕ್ಕೂ ಎಲೆ ಬೆವರಿತು. 23 ದಿನದ ಮೇಲೆ ಬಂದ ವರದಿಯಲ್ಲಿ ತಾಮ್ರ 210 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 210. ಎದುರಿಗೆ ‘ಅತಿ ಹೆಚ್ಚು’ ಎಂದು ಕೆಂಪು ಶಾಯಿಯ ಮುದ್ರೆ. ಎದೆ ಧಸಕ್ಕೆಂದಿತು. ಎರಡು ರಾತ್ರಿ ತೋಟದ ಮಣ್ಣೇ ವಿಷವಾಯಿತೆಂದು ನಿದ್ದೆಯಿಲ್ಲ. ಮೂರನೆಯ ಬೆಳಿಗ್ಗೆ ಮೆಣಸಿನ ಬಳ್ಳಿಯ ಬುಡದಲ್ಲಿ ನಿಂತಾಗ ಹೊಳೆಯಿತು: ಜೂನ್ ಮೊದಲ ವಾರ ಮೆಣಸಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದ್ದೆವು, ಆಗಸ್ಟಿನ ಮಳೆ ಬಿಡುವಿನಲ್ಲಿ ಎರಡನೆಯ ಸಲವೂ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ಅದು ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಆ ನೀಲಿ ಪಕ್ಕದ ಕಿತ್ತಳೆಯ ಎಲೆಗೂ ಅಂಟಿತ್ತು. ಪ್ರಯೋಗಾಲಯ ಅಳೆದಿದ್ದು ಎಲೆಯ ಒಳಗಿನ ತಾಮ್ರವನ್ನಲ್ಲ, ಹೊರಗಿನ ಬೋರ್ಡೋವನ್ನು. “ಏನಾದರೂ ಸಿಂಪಡಿಸಿದ್ದೀರಾ?” ಎಂಬ ಒಂದು ಪ್ರಶ್ನೆ ಕೇಳಿದ್ದರೆ 900 ರೂಪಾಯಿ ಉಳಿಯುತ್ತಿತ್ತು. ಫೋನ್ ಮಾಡಿದರೆ “ನೀವು ಹೇಳಬೇಕಿತ್ತು ಸಾರ್” ಎಂದರು. ಕೌಂಟರಿನ ಆಚೆ ಬದಿಯಲ್ಲಿ ನಿಂತರೆ ಹೇಗಿರುತ್ತದೆಂದು ನನಗೆ ಆ ದಿನ ಗೊತ್ತಾಯಿತು.

ಎರಡನೆಯ ಸಲ ಓದಿಕೊಂಡು, ಕೇಳಿಕೊಂಡು ಹೋದೆ. ಆರಿಸಬೇಕಾದ್ದು ಬೇಸಿಗೆ ಆರಂಭದ ಚಿಗುರಿನ, ನಾಲ್ಕರಿಂದ ಆರು ತಿಂಗಳು ತುಂಬಿದ ಎಲೆ. ಕಾಯಿ ಇಲ್ಲದ ಕಡ್ಡಿಯದು. ಮರದ ನಾಲ್ಕೂ ದಿಕ್ಕಿನಿಂದ, ಭುಜದೆತ್ತರದಲ್ಲಿ. ಸುಮಾರು ಇಪ್ಪತ್ತು ಮರದಿಂದ ನೂರು ಎಲೆ. ಬೋರ್ಡೋ ಬೀಳದ ಮೂಲೆಯ ಮರಗಳನ್ನೇ ಹುಡುಕಿದೆ. ಪ್ಲಾಸ್ಟಿಕ್ ಬೇಡ, ಕಾಗದದ ಚೀಲ. ನಮ್ಮ ಲೆಕ್ಕಕ್ಕೆ ಆ ವಯಸ್ಸಿನ ಎಲೆ ಸಿಗುವುದು ಜುಲೈಯಿಂದ ಸೆಪ್ಟೆಂಬರ್ ನಡುವೆ, ಅಂದರೆ ಜಿಗಣೆಗಳ ರಾಜ್ಯಭಾರದಲ್ಲಿ. ನೂರು ಎಲೆಗೆ ಹನ್ನೊಂದು ಜಿಗಣೆ, ಇದನ್ನೂ ಎಣಿಸಿದ್ದೇನೆ.

ಈ ಸಲದ ವರದಿ ಓದುವಂತಿತ್ತು. ಫ್ಲೋರಿಡಾದ ಕಿತ್ತಳೆ ಬೆಳೆಗಾರರು ಬಳಸುವ ಮಿತಿಯನ್ನು ಪಕ್ಕದಲ್ಲಿ ಮುದ್ರಿಸಿದ್ದರು: ಸಾರಜನಕ ಶೇ. 2.5ರಿಂದ 2.7, ಪೊಟ್ಯಾಷ್ 1.2ರಿಂದ 1.7, ಮೆಗ್ನೀಷಿಯಂ 0.30ರಿಂದ 0.49, ಸತು 25ರಿಂದ 100 ಪಿಪಿಎಂ, ಬೋರಾನ್ 36ರಿಂದ 100. ತಳಿ ಬೇರೆ, ಮಣ್ಣು ಬೇರೆ. ಅಲ್ಲಿನ ಗೆರೆಯನ್ನು ಇಲ್ಲಿ ಕಣ್ಣುಮುಚ್ಚಿ ಎಳೆಯುವಂತಿಲ್ಲ. ಆದರೂ ನನ್ನ ಎಲೆಗಳ ಸಂಖ್ಯೆಗೆ ವಾದದ ಅಗತ್ಯವೇ ಇರಲಿಲ್ಲ. ಸಾರಜನಕ 2.9. ಪೊಟ್ಯಾಷ್ 1.1. ಮೆಗ್ನೀಷಿಯಂ 0.22. ಸತು 16. ಬೋರಾನ್ 24.

ಈ ಐದು ಸಂಖ್ಯೆಯಲ್ಲಿ ನನ್ನ ಹತ್ತು ವರ್ಷದ ತೋಟಗಾರಿಕೆ ಬೆತ್ತಲಾಗಿ ನಿಂತಿತ್ತು. ಕಿತ್ತಳೆಗೆಂದು ನಾವು ಯಾರೂ ಏನನ್ನೂ ಹಾಕುವುದಿಲ್ಲ. ಕಾಫಿಯ ಎಂಜಲು ತಿಂದು ಬದುಕಬೇಕು ಅದು. ಹೂಮಳೆಯಾದ ಮೇಲೆ ಕಾಫಿಗೆ ಹಾಕುವ ಗೊಬ್ಬರದಲ್ಲಿ ಯೂರಿಯಾ ಧಾರಾಳ. ಅದನ್ನು ಕಿತ್ತಳೆಯ ಬೇರೂ ಕುಡಿದು ಏಪ್ರಿಲಿನಲ್ಲಿ ಹಸಿರು ಚಿಗುರನ್ನು ಚಿಮ್ಮಿಸುತ್ತದೆ. ಹೀಚಿಗೆ ಸಕ್ಕರೆ ಬೇಕಾದ ವಾರದಲ್ಲೇ ಎಳೆಚಿಗುರೂ ಉಣ್ಣಲು ಕುಳಿತುಕೊಳ್ಳುತ್ತದೆ. ಎಲೆ ಬಲಿತ ಮೇಲೆ ಸಕ್ಕರೆ ಕೊಡುತ್ತದೆ, ನಿಜ. ಎಳೆಯದಿರುವಾಗ ಅದೂ ಸಾಲಗಾರನೇ. “ಗಿಡ ಎಷ್ಟು ಹಸಿರಾಗಿದೆ ನೋಡಿ!” ಎಂದು ನಾನು ಹೆಮ್ಮೆಪಟ್ಟಿದ್ದೆ. ಹಾಗೆಂದು ಸಾರಜನಕ ಶತ್ರುವಲ್ಲ. ಕಡಿಮೆಯಾದರೆ ಹೂವೂ ಬಡವಾಗುತ್ತದೆ, ಕಾಯಿಯೂ ನಿಲ್ಲುವುದಿಲ್ಲ.

ಸತುವಿನ ಕತೆ ಇನ್ನೂ ಸೊಗಸಾಗಿದೆ. ಮಳೆ ತೊಳೆದು ತೊಳೆದು ಹುಳಿಯಾದ ಮಣ್ಣಿಗೆ ಕಾಫಿಗೆಂದು ಸುಣ್ಣ ಹಾಕುತ್ತೇವೆ, ಹಾಕಲೇಬೇಕು. ಹುಳಿ ಇಳಿದು ಮಣ್ಣಿನ ರಸಸಾರ (ಪಿಎಚ್) ಮೇಲೇರಿದಂತೆ ಸತು ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ರಂಜಕ ಹೆಚ್ಚಾದರೂ ಅದೇ ಪಾಡು. ನಾನು ಎರಡನ್ನೂ ಕೈತುಂಬ ಹಾಕಿದ್ದೆ. ಬೋರಾನಿಗೆ ಬೇರೆ ಕಾರಣ: ಅದು ನೀರಿನ ಜೊತೆ ಹೋಗಿಬಿಡುವ ಜಾತಿ, ನಮ್ಮ ಮಳೆಯಲ್ಲಿ ಹೇಮಾವತಿಗೆ ಸೇರಿ ಗೊರೂರಿನ ಅಣೆಕಟ್ಟು ಮುಟ್ಟುತ್ತದೆ. ಪರಾಗದ ನಾಳ ಬೆಳೆಯಲು ಬೋರಾನ್ ಬೇಕು. ಕೊರತೆಯಾದರೆ ಹೀಚು ಉದುರುತ್ತದೆ, ಉಳಿದ ಕಾಯಿ ಗಟ್ಟಿಯಾಗಿ ಸಿಪ್ಪೆಯ ಬಿಳಿಭಾಗದಲ್ಲಿ ಕಂದು ಅಂಟು ಕಟ್ಟಿಕೊಳ್ಳುತ್ತದೆ. ಉದುರಿದವನ್ನು ಸೀಳುವಾಗ ಆ ಕಂದು ಚುಕ್ಕೆಗಳನ್ನು ಎಷ್ಟೋ ಸಲ ನೋಡಿ ಹುಳು ಎಂದುಕೊಂಡಿದ್ದೆ. ಮೆಗ್ನೀಷಿಯಂ ಕೊರತೆಯನ್ನು ಬರಿಗಣ್ಣಿನಲ್ಲೇ ಗುರುತಿಸಬಹುದಿತ್ತು: ಹಳೆಯ ಎಲೆ ಹಳದಿಯಾಗಿ, ತೊಟ್ಟಿನ ಕಡೆ ಮಾತ್ರ ಗೋಪುರದಾಕಾರದ ಹಸಿರು ಉಳಿಯುತ್ತದೆ. ಪೊಟ್ಯಾಷ್ ಕಡಿಮೆಯಾದರೆ ಹಣ್ಣು ಚಿಕ್ಕದು, ಸಿಪ್ಪೆ ತೆಳು. ಕಾಯಿಯ ಸಂಖ್ಯೆಗಿಂತ ಗಾತ್ರದ ಮೇಲೆಯೇ ಅದರ ಕೈ ಹೆಚ್ಚು.

ಒಂದು ಎಚ್ಚರಿಕೆಯ ಮಾತು ಇಲ್ಲಿಯೇ ಹೇಳಿಬಿಡಬೇಕು. ಸತು ಕೊರತೆಯ ಎಲೆ ಚಿಕ್ಕದಾಗಿ, ನರಗಳ ನಡುವೆ ಹಳದಿಯಾಗುತ್ತದೆ. ನಡುನರದ ಎರಡೂ ಬದಿಯಲ್ಲಿ ಒಂದೇ ರೀತಿ. ಹಳದಿ ಮಚ್ಚೆ ಎಡಕ್ಕೊಂದು ಬಲಕ್ಕೊಂದು ರೀತಿ ಇದ್ದರೆ ಗ್ರೀನಿಂಗ್ ರೋಗವನ್ನು ಸಂಶಯಿಸಬೇಕು. ಸಿಟ್ರಸ್ ಸಿಲ್ಲಿಡ್ ಎಂಬ ಪುಟ್ಟ ಕೀಟ ಹರಡುವ ಬ್ಯಾಕ್ಟೀರಿಯಾದ ರೋಗ ಅದು, ಗೊಬ್ಬರದಿಂದ ವಾಸಿಯಾಗುವುದಿಲ್ಲ. ನನ್ನ ಮೂರು ಮರಗಳಲ್ಲಿ ಎಲೆ ಹಾಗಿತ್ತು. ಬಲ್ಲವರೊಬ್ಬರನ್ನು ಕರೆಸಿ ತೋರಿಸಿದೆ. ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ನಡುನರದ ಉದ್ದಕ್ಕೆ ಮಡಚಿ ತೋರಿಸಿದರು. ಎರಡು ಅರ್ಧ ತಾಳೆಯಾಗಲಿಲ್ಲ. ತಾಳೆಯಾಗದ ಲೆಕ್ಕವನ್ನು ಇಟ್ಟುಕೊಳ್ಳುವಂತಿಲ್ಲ. ಮೂರನ್ನೂ ಕಡಿಸಿದೆವು. ಅವುಗಳಲ್ಲೊಂದು, ನನ್ನ ಮದುವೆಯ ವರ್ಷ ಅಪ್ಪ ನೆಟ್ಟದ್ದು.

ಇನ್ನು ಪುಡಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಾಳೆ, ಮಾವು, ತರಕಾರಿಗಳಿಗೆ ಒಂದೊಂದು ‘ಸ್ಪೆಷಲ್’ ಲಘುಪೋಷಕಾಂಶದ ಪುಡಿ ರೂಪಿಸಿದೆ. ಹುಳಿಹಣ್ಣಿನ ಗಿಡಗಳಿಗೆ ಅರ್ಕಾ ಸಿಟ್ರಸ್ ಸ್ಪೆಷಲ್. ಎಲೆಯ ಮೇಲೆ ಸಿಂಪಡಿಸುವಂಥದ್ದು. ಮಣ್ಣಿನಲ್ಲಿ ಸುಣ್ಣ, ರಂಜಕಗಳ ಕೈಗೆ ಸಿಕ್ಕಿಬೀಳುವ ಸತುವನ್ನು ನೇರವಾಗಿ ಎಲೆಗೇ ಮುಟ್ಟಿಸುವುದು ಇದರ ಜಾಣತನ. ಬೆರೆಸುವ ವಿಧಾನ ಕೇಳಿ ನಮ್ಮ ಆಳುಗಳು ನಕ್ಕುಬಿಟ್ಟರು: ಕ್ಯಾನಿಗೆ ಒಂದು ಶಾಂಪೂ ಪೊಟ್ಟಣ, ಜೊತೆಗೆ ನಿಂಬೆಹಣ್ಣಿನ ರಸ. ಶಾಂಪೂ ಹಾಕುವುದು ಹನಿ ಜಾರದೆ ಎಲೆಗೆ ಹರಡಲಿ ಎಂದು, ನಿಂಬೆರಸ ನೀರು ತುಸು ಹುಳಿಯಾಗಲಿ ಎಂದು. “ಕಿತ್ತಳೆಗೆ ನಿಂಬೆ ಹಿಂಡಿ ತಲೆಸ್ನಾನ ಮಾಡಿಸುತ್ತೀರಾ ಅಯ್ಯಾ?” ಎಂದು ಅವರಲ್ಲೊಬ್ಬಳು ಕೇಳಿದಳು. ಮೊದಲ ಕ್ಯಾನಿನಲ್ಲಿ ನಿಂಬೆಯ ಬೀಜ ಸೋಸದೆ ನಳಿಕೆ ಕಟ್ಟಿಕೊಂಡಿತು, ತಪ್ಪು ನನ್ನದು. ಎಲೆ ಪೂರ್ತಿ ಬಲಿತ ಮೇಲೆ ಹೊಡೆದರೆ ಹೀರುವುದು ಕಡಿಮೆ. ಹೊಸ ಎಲೆ ಮೂರರಲ್ಲಿ ಎರಡು ಪಾಲು ಅರಳಿದಾಗ ಹೊಡೆಯಬೇಕು. ಅಷ್ಟು ಹೊತ್ತಿಗೆ ಹೂ ಇದ್ದರೆ ಜೇನು ಹಾರಾಡದ ಇಳಿಹೊತ್ತೇ ವಾಸಿ.

ಪುಡಿಯಲ್ಲದೆ ಮಾಡಿದ್ದು ಇಷ್ಟು: ಕಿತ್ತಳೆಯ ಬುಡದ ಸುತ್ತ ಹೂಮಳೆಯ ನಂತರದ ಯೂರಿಯಾವನ್ನು ಅರ್ಧಕ್ಕಿಳಿಸಿದೆ, ಪೊಟ್ಯಾಷ್ ಸ್ವಲ್ಪ ಏರಿಸಿದೆ, ಮೆಗ್ನೀಷಿಯಂ ಸಲ್ಫೇಟ್ ಕೊಟ್ಟೆ. ಅಂಗಡಿಯವರು ಯೂರಿಯಾವನ್ನೇ ಎಲೆಗೆ ಹೊಡೆಯಿರಿ, ಖರ್ಚು ಕಡಿಮೆ ಎಂದರು. ಸಾಮಾನ್ಯ ಯೂರಿಯಾದಲ್ಲಿ ಬೈಯುರೆಟ್ ಎಂಬ ಅಂಶ ಶೇ. 1.5ರವರೆಗೆ ಇರಬಹುದು, ಕಿತ್ತಳೆ ಜಾತಿಯ ಎಲೆಗೆ ಅದು ಆಗುವುದಿಲ್ಲ, ತುದಿ ಹಳದಿಯಾಗುತ್ತದೆ. ಇನ್ನೊಬ್ಬರು ಟೂ-ಫೋರ್-ಡಿ ಹೇಳಿದರು. ಕಳೆನಾಶಕವಾದ ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಉದುರು ತಡೆಯಲು ಬಳಸುವುದು ಉಂಟು. ಆದರೆ ಸುತ್ತ ಕಾಫಿ ಇರುವಾಗ, ಅಳತೆಯ ಮುಚ್ಚಳ ನನ್ನ ಕೈಯಲ್ಲಿರುವಾಗ, ಆ ಧೈರ್ಯ ನನಗೆ ಬರಲಿಲ್ಲ.

ಫಲಿತಾಂಶ. 2024ರಲ್ಲಿ ಮತ್ತೆ ಕೆಂಪು ನೂಲು, ಬಿಳಿ ನೂಲು, ಹತ್ತು ಹತ್ತು ಮರ. ಹಿಂದಿನ ವರ್ಷ ರಾಜ್ಯಕ್ಕೇ ಬರ. ಆ ಬೇಸಿಗೆಯ ಬಿಸಿಲು ಯಾರೂ ಮರೆತಿಲ್ಲ. ನಮ್ಮ ತೋಟಕ್ಕೆ ಹೂಮಳೆ ತಡವಾಯಿತು, ಅದರ ಬೆನ್ನಿಗೇ ಬರಬೇಕಾದ ಮಳೆ ಬರಲೇ ಇಲ್ಲ, ಕೆರೆ ತಳ ಕಂಡಿತು. ಎಂಟಾಣೆ ದಾಟಿದ್ದು ಪುಡಿ ಹೊಡೆದ ಮರಗಳಲ್ಲಿ ನೂರಕ್ಕೆ 14, ಹೊಡೆಯದವುಗಳಲ್ಲಿ 12. ನೀರಿಲ್ಲದೆ ಎಲೆ ಬಾಯಿ ಮುಚ್ಚಿಕೊಂಡರೆ ಸಕ್ಕರೆ ಎಲ್ಲಿಂದ? ಪಾತ್ರೆ ತಂದಿಟ್ಟಿದ್ದೆ, ಅಕ್ಕಿಯೇ ಇರಲಿಲ್ಲ. ಮಾರಾಟ ಮಾಡುವವರಾರೂ ಈ ಸಾಲನ್ನು ಚೀಟಿಯ ಮೇಲೆ ಮುದ್ರಿಸುವುದಿಲ್ಲ.

2025ರಲ್ಲಿ ಕಾಲ ಕೂಡಿಬಂತು. ಹೂಮಳೆ ಹೊತ್ತಿಗೆ ಸರಿಯಾಗಿ ಬಿತ್ತು. ಮುಂಗಾರು ಮೇ ಕೊನೆಯ ವಾರಕ್ಕೇ ಬಂದು ಕುಳಿತುಕೊಂಡಿತು. ಕೆಂಪು ನೂಲು 31, ಬಿಳಿ ನೂಲು 22. ಕಾಯಿಯ ಗಾತ್ರದಲ್ಲೂ ವ್ಯತ್ಯಾಸ: ಜೂನ್ ಮೊದಲ ದಿನ ಕೆಂಪಿನ ಕಾಯಿಗಳಲ್ಲಿ ಹೆಚ್ಚಿನವು ಎರಡು ರೂಪಾಯಿ ನಾಣ್ಯವನ್ನು ಮುಚ್ಚುತ್ತಿದ್ದವು, ಬಿಳಿಯವು ಒಂದು ರೂಪಾಯಿಯ ಆಸುಪಾಸಿನಲ್ಲಿದ್ದವು. ಹತ್ತು ಮರದ ಎಣಿಕೆ ವಿಜ್ಞಾನವಾಗುವುದಿಲ್ಲ ಎಂದು ಗೊತ್ತು. ಆದರೂ ನನ್ನ ಕೌಂಟರಿನಲ್ಲಿ ಇಷ್ಟು ವ್ಯತ್ಯಾಸ ಬಂದಿದ್ದರೆ ಮ್ಯಾನೇಜರನ್ನು ಕರೆಯುತ್ತಿದ್ದೆ.

ಪುಡಿಗೆ ನಾಲ್ಕು ಕೊಡದೆ ಮೂರೂವರೆಗೆ ನಿಲ್ಲಿಸಿದ್ದಕ್ಕೆ ಕಾರಣ ರಸ್ತೆ ಬದಿಯ ಎರಡು ಮರಗಳು. ಅವುಗಳ ಮೇಲಿದ್ದ ಬಸರಿ ಮರದ ದೊಡ್ಡ ಕೊಂಬೆಯನ್ನು ವಿದ್ಯುತ್ ತಂತಿಗೆ ತಾಗುತ್ತದೆಂದು ಹಿಂದಿನ ವರ್ಷ ಕಡಿದಿದ್ದರು. ಆ ಎರಡಕ್ಕೂ ನಾನು ಏನನ್ನೂ ಹೊಡೆದಿರಲಿಲ್ಲ. ಲೆಕ್ಕದ ಹೊರಗಿನ ಮರಗಳೆಂದು ಸುಮ್ಮನೆ ನೂಲು ಕಟ್ಟಿದ್ದೆ. ಅಲ್ಲಿ ನೂರಕ್ಕೆ 40 ನಿಂತಿತ್ತು. ನಾಲ್ಕು ಸಲ ಎಣಿಸಿದೆ. ಮಗನನ್ನು ಕರೆದು ಎಣಿಸಲು ಹೇಳಿದೆ, ಅವನು 41 ಎಂದ.

ಅಂದರೆ ಇಷ್ಟು ವರ್ಷ ನಮ್ಮ ಕಿತ್ತಳೆ ಹಸಿದಿದ್ದು ಮುಖ್ಯವಾಗಿ ಬೆಳಕಿಗೆ. ಸಿಲ್ವರ್ ಮರಗಳು ನಾನು ಬ್ಯಾಂಕಿನಲ್ಲಿದ್ದ ಕಾಲದಲ್ಲಿ ಮುಗಿಲು ಮುಟ್ಟಿವೆ. ಅಪ್ಪನ ಕಾಲದಲ್ಲಿ ಅವು ಇರಲೇ ಇಲ್ಲ. ಇಲ್ಲಿ ಒಂದು ಗಂಟಿದೆ. ನಾವು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ಮಾಡುವುದು ಮಳೆಗಾಲದ ಬಾಗಿಲಲ್ಲಿ, ಮೇ ಕೊನೆಯ ಹೊತ್ತಿಗೆ. ಮಾರ್ಚ್ ಏಪ್ರಿಲಿನ ಬಿಸಿಲಿನಲ್ಲಿ ಕಾಫಿಗೆ ನೆರಳು ಬೇಕೇ ಬೇಕು. ಕಿತ್ತಳೆಯ ಹೀಚಿಗೆ ಸಕ್ಕರೆ ಬೇಕಾಗುವುದೂ ಅದೇ ಎರಡು ತಿಂಗಳಲ್ಲಿ. ಒಂದಕ್ಕೆ ಕೊಡೆ ಹಿಡಿದರೆ ಇನ್ನೊಂದರ ಅನ್ನ ಕಸಿದಂತೆ. ಹೆಂಡತಿ ಒಂದು ದಾರಿ ಸೂಚಿಸಿದಳು: ಕಿತ್ತಳೆಯ ನೇರ ಮೇಲಿರುವ ಕೊಂಬೆಗಳನ್ನು ಮಾತ್ರ, ಅದರಲ್ಲೂ ಬೆಳಗಿನ ಬಿಸಿಲು ಬರುವ ಪೂರ್ವದ ಬದಿಯವನ್ನು, ಫೆಬ್ರವರಿಯಲ್ಲೇ ತೆಗೆಸುವುದು, ಕಾಫಿಯ ಮೇಲಿನದನ್ನು ವಾಡಿಕೆಯಂತೆ ಮೇ ತಿಂಗಳಿಗೆ ಬಿಡುವುದು. ಎಣಿಸಿದವನು ನಾನು, ಹೊಳೆದದ್ದು ಅವಳಿಗೆ. ಈ ವರ್ಷ 9 ಮರಗಳಿಗೆ ಹಾಗೆ ಮಾಡಿಸಿದ್ದೇವೆ. ಅವುಗಳಿಗೆ ಹಳದಿ ನೂಲು.

ಕೊಳ್ಳುವವರಿಗೆ ಹೇಳುವುದಾದರೆ: ಎಲೆ ಪರೀಕ್ಷೆ ಮಾಡಿಸಿ, ಆದರೆ ಅದು ಈ ವರ್ಷದ ಕಾಯಿಯನ್ನು ಉಳಿಸುವುದಿಲ್ಲ, ಮುಂದಿನ ವರ್ಷದ್ದಕ್ಕೆ ಮಾತ್ರ. ಈ ಒಂದೇ ಕಾರಣಕ್ಕೆ ಮೇ ತಿಂಗಳಲ್ಲಿ ಬಾಟಲಿಯ ಎದುರು ಅದು ಯಾವಾಗಲೂ ಸೋಲುತ್ತದೆ. ವರದಿ ಮೂರು ವಾರಕ್ಕೆ ಮೊದಲು ಬರುತ್ತದೆಂದು ನಂಬಬೇಡಿ. ಏನೇನು ಸಿಂಪಡಿಸಿದ್ದೀರೆಂದು ಅವರು ಕೇಳದಿದ್ದರೂ ಚೀಲದ ಮೇಲೆ ಬರೆದು ಕೊಡಿ. ಸತು, ಬೋರಾನ್ ಸರಿಯಾಗಿರುವ ತೋಟಕ್ಕೆ ಪುಡಿ ತಂದು ಹೊಡೆದರೆ ಎಲೆ ಪಳಪಳ ಹೊಳೆಯುತ್ತದೆ, ಅದು ಶಾಂಪೂವಿನ ಪುಣ್ಯ.

ಕಳೆದ ವಾರ ಅದೇ ಅಂಗಡಿಗೆ ಮೈಲುತುತ್ತ ತರಲು ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ ಬೊಗಸೆಯಲ್ಲಿ ಉದುರಿದ ಹೀಚು ತಂದಿದ್ದ. ಅಂಗಡಿಯವರ ಕೈ ಹಿಂದಿನ ಕಪಾಟಿನ ಕಡೆ ಹೋಯಿತು. ನಾನು ಜೇಬಿನಿಂದ ಎಂಟಾಣೆ ತೆಗೆದು, ಅವನ ಬೊಗಸೆಯ ಒಂದು ಕಾಯಿಯ ಪಕ್ಕದಲ್ಲಿಟ್ಟು, “ಇನ್ನು ಎರಡು ವಾರ ತಡೆದುಕೋ” ಎಂದೆ. ಅವನು ನನ್ನ ಮುಖ ನೋಡಿದ, ನಾಣ್ಯ ನೋಡಿದ, ಬಾಟಲಿ ಕೊಂಡುಕೊಂಡು ಹೋದ. ಬೆಲೆ ಈಗ 740 ಆಗಿದೆ.